ಬಾಯಲ್ಲಿ ಬೆಲ್ಲ, ಬಾವಿಯಲ್ಲಿ ಪಾಲು

ನಾನು ಕಾನೂನು ಓದುತ್ತಿದ್ದೇನೆಂಬ ಸುದ್ದಿ ನಾರಾಯಣಪೇಟೆಯ ನಮ್ಮ ಓಣಿಗೆ ನನಗಿಂತ ಮೊದಲೇ ಬಂದು ಕೂತಿತ್ತು. ಆ ಬೇಸಿಗೆ ರಜೆಗೆ ಹೈದರಾಬಾದಿನಿಂದ ಬಂದಾಗ ಇನ್ನೂ ಕಾಲು ತೊಳೆದಿರಲಿಲ್ಲ, ಎದುರು ಮನೆಯ ಮುದುಕಿ ನಾಲ್ಕಾಗಿ ಮಡಚಿದ ಕಾಗದವೊಂದನ್ನು ಹಿಡಿದು ನಮ್ಮ ಕಟ್ಟೆಯ ಮೇಲೆ ಕುಳಿತಿದ್ದಳು. ನಮ್ಮಲ್ಲಿ ಮನೆಮಾತು ಕನ್ನಡ, ಪೇಟೆಯ ಮಾತು ಅರ್ಧ ತೆಲುಗು, ಆದರೆ ಸರಕಾರದ ಕಾಗದ ಮಾತ್ರ ಪೂರ್ತಿ ಉರ್ದು. ಮನೆ ಕೊಂಡವರಿಗೂ ಮಾರಿದವರಿಗೂ ತಮ್ಮ ಬೈನಾಮೆಯಲ್ಲಿ, ಅಂದರೆ ಕ್ರಯಪತ್ರದಲ್ಲಿ, ಏನು ಬರೆದಿದೆಯೆಂದು ಓದಲು ಬಾರದು. ಅದನ್ನು ಪೆಟ್ಟಿಗೆಯ ತಳದಲ್ಲಿಟ್ಟು ದಸರೆಗೊಮ್ಮೆ ಕುಂಕುಮ ಹಚ್ಚುತ್ತಿದ್ದರು.

ಗಂಡಸರು ನೇರವಾಗಿ ನನ್ನನ್ನು ಕೇಳುತ್ತಿರಲಿಲ್ಲ. ಪಡಸಾಲೆಯಲ್ಲಿ ಅಪ್ಪನನ್ನು ಕೇಳುತ್ತಿದ್ದರು. ಅಪ್ಪ ನೀರು ಕುಡಿಯುವ ನೆಪದಲ್ಲಿ ಒಳಗೆ ಬಂದು ನನ್ನನ್ನು ಕೇಳಿ, ಮತ್ತೆ ಹೊರಗೆ ಹೋಗಿ, ಬಹಳ ವಿಚಾರ ಮಾಡಿದವನಂತೆ ಉತ್ತರ ಹೇಳುತ್ತಿದ್ದ. ಕೆಲವು ದಿನ ಅಪ್ಪ ಎಂಟು ತಂಬಿಗೆ ನೀರು ಕುಡಿದದ್ದುಂಟು. ಎರಡು ಮನೆಗಳ ನಡುವಿನ ಗೋಡೆ ಯಾರದು? ನಮ್ಮ ಮಾಳಿಗೆಯ ನೀರು ಪಕ್ಕದವರ ಅಂಗಳಕ್ಕೆ ಬಿದ್ದರೆ ಹೊಸದಾಗಿ ಕೊಂಡವನು ತಡೆಯಬಹುದೇ? ಇನ್ನೂ ಮೀಸೆ ಮೂಡದ ತಮ್ಮನ ಪಾಲನ್ನು ಅಣ್ಣ ಮಾರಿದರೆ ಆ ಮಾರಾಟ ನಿಲ್ಲುತ್ತದೆಯೇ? ಹೆಂಗಸರಿಗೆ ಇಂಥ ಸುತ್ತುದಾರಿ ಬೇಕಿರಲಿಲ್ಲ.

"ಅಳಿಯನ ಹೆಸರಿಗೆ ಮನಿ ಬರದ್ರ ಮಗಳಿಗೆ ಬರದಂಗ ಅಲ್ಲೇನವ್ವಾ?" ಎಂದು ಎದುರು ಮನೆಯ ಮುದುಕಿ ಕೇಳಿದಳು.

"ಅಲ್ಲ ಆಯಿ."

ಅವಳು ಕಾಗದವನ್ನು ಮತ್ತೆ ನಾಲ್ಕಾಗಿ ಮಡಚಿದಳು. "ಹಂಗಾರ ಈ ಮಾತು ಅಳಿಯಾಗ ಹೇಳಬ್ಯಾಡ."

ನಮ್ಮ ಮನೆಯಲ್ಲಿ ನನ್ನನ್ನು ಏನೂ ಕೇಳದೆ ಇದ್ದವಳು ಒಬ್ಬಳೇ, ನನ್ನ ಅತ್ತೆ, ಅಪ್ಪನ ತಂಗಿ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನಾನು ಹುಟ್ಟುವುದಕ್ಕೆ ಮೊದಲಿನಿಂದ ಬಾವಿಯ ಕೋಣೆಯಲ್ಲಿ ಕುಳಿತು ಅಪ್ಪನ ಸೀರೆಯ ಮಗ್ಗಗಳಿಗೆ ಕಂಡಿಕೆ, ಅಂದರೆ ಲಾಳಿಯೊಳಗಿನ ನೂಲಿನ ಸುರುಳಿ, ಸುತ್ತುತ್ತಿದ್ದಳು. ಮನೆಯಲ್ಲಿ ಗಂಡಸರಿದ್ದಾಗ ಅವಳ ಧ್ವನಿಗಿಂತ ಅವಳ ರಾಟೆಯ ಧ್ವನಿಯೇ ದೊಡ್ಡದು.

ಅದು ಯಾಕೆ ಬಾವಿಯ ಕೋಣೆ ಎಂದು ಹೇಳಬೇಕು. ನಮ್ಮ ಮನೆಗೂ ಪಕ್ಕದ ಮನೆಗೂ ಸೇರಿ ಒಂದೇ ಬಾವಿ. ನಡುವಿನ ಗೋಡೆ ಬಾವಿಯ ಬಾಯಿಯ ಮೇಲೆಯೇ ಹಾದುಹೋಗಿತ್ತು. ಅರ್ಧ ಬಾವಿ ಆ ಕಡೆ, ಅರ್ಧ ಈ ಕಡೆ, ಎರಡೂ ಕಡೆ ಒಂದೊಂದು ಗಾಲಿ. ಆ ಕಡೆಯವರ ಕೊಡ ಜೋರಾಗಿ ಬಿದ್ದರೆ ನಮ್ಮ ಮುಖಕ್ಕೆ ನೀರು ಸಿಡಿಯುತ್ತಿತ್ತು.

ಆ ಕಡೆ ಇದ್ದವರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಮಗಳನ್ನು ಮಕ್ತಲಿಗೆ ಕೊಟ್ಟಿದ್ದರು, ತಾವೂ ಅಲ್ಲಿಗೇ ಹೋಗಿ ಅಂಗಡಿ ಇಡುವ ಹುರುಪಿನಲ್ಲಿದ್ದರು. ಒಂದು ಬೆಳಿಗ್ಗೆ ಅಪ್ಪನ ಬಳಿ ಬಂದು, ಮನೆ ಮಾರುತ್ತೇನೆ, ನಿಮಗೆ ಬೇಕೇ ಎಂದು ಕೇಳಿದರು.

"ನಮಗ್ಯಾಕ್ರಿ ಇನ್ನೊಂದು ಮನಿ?" ಎಂದ ಅಪ್ಪ. "ಇರೋದ ಸಾಕಾಗೇತಿ. ಯಾರಿಗಾರ ಕೊಡ್ರಿ."

ಒಳಗೆ ರಾಟೆ ನಿಂತಿತು. ಅಪ್ಪನಿಗೆ ಅದು ಕೇಳಿಸಲಿಲ್ಲ, ನನಗೆ ಕೇಳಿಸಿತು. ಸಂಜೆ ನಾನು ನೀರು ಸೇದುತ್ತಿದ್ದಾಗ ಅತ್ತೆ ಹಗ್ಗ ಹಿಡಿಯಲು ಬಂದಳು.

"ಮಗಳ, ಹೆಂಗಸು ತನ್ನ ಹೆಸರಿಲೆ ಮನಿ ತಗೊಳ್ಳಾಕ ಬರ್ತೈತೇನು?"

"ಬರ್ತೈತಿ ಅತ್ತಿ."

"ಅಣ್ಣ ಬ್ಯಾಡ ಅಂದ ಮ್ಯಾಲೂ?"

"ಆಗಲೂ ಬರ್ತೈತಿ."

ಅವಳು ಕೊಡವನ್ನು ಕಟ್ಟೆಯ ಮೇಲಿಟ್ಟಳು. "ನನ್ನ ಬಂಗಾರ ಹಂಗ ಐತಿ, ಒಂದು ದಿನ ಹಾಕ್ಕೊಂಡಿಲ್ಲ. ನನಗ ನನ್ನದು ಅಂತ ಒಂದು ಮನಿ ಬೇಕು. ಇಷ್ಟು ವರ್ಷ ಇನ್ನೊಬ್ಬರ ಮನ್ಯಾಗ ಇದ್ದೆ. ಕೆಟ್ಟವರಲ್ಲ. ಆದ್ರ ಇನ್ನೊಬ್ಬರು."

ಹಾಗಾದರೆ ಕಾಕಾರಿಗೆ ಹೇಳೋಣ ಎಂದೆ. ಅತ್ತೆ ಒಪ್ಪಲಿಲ್ಲ. ಅಣ್ಣ ಬೇಡವೆಂದ ಬಾಯಿ ಆರುವ ಮೊದಲೇ ತಂಗಿ ಬೇಕು ಎಂದರೆ ಓಣಿಯಲ್ಲಿ ಅಣ್ಣನ ಮಾತಿಗೆ ಏನು ಬೆಲೆ ಉಳಿದೀತು ಎಂದಳು. ಹೀಗೆ ಅವಳು ಮರ್ಯಾದೆ ಕಾಯುತ್ತಿದ್ದ ಎರಡೇ ದಿನಗಳಲ್ಲಿ ಕಾಕಾ ಗದ್ವಾಲದ ಶೇಂಗಾ ವ್ಯಾಪಾರಿಯೊಬ್ಬರಿಗೆ ಮಾತು ಕೊಟ್ಟುಬಿಟ್ಟರು. ಆ ದಿನ ಅವಳು ಸುತ್ತಿದ ಕಂಡಿಕೆಗಳೆಲ್ಲ ಸಡಿಲವಾಗಿವೆ ಎಂದು ನೇಕಾರರು ವಾಪಸು ಕಳಿಸಿದರು.

ಆಗ ಅಪ್ಪ, ಇದೇನೂ ತನಗೆ ಗೊತ್ತಿಲ್ಲದೆ, ನನ್ನ ಕೈಗೆ ಮನೆಯ ಕಾಗದಪತ್ರಗಳ ಪೆಟ್ಟಿಗೆ ಕೊಟ್ಟ. ಇಷ್ಟು ಜನರ ಕಾಗದ ಓದುತ್ತೀಯಲ್ಲ, ನಮ್ಮವನ್ನೂ ಓದಿ ಒಂದು ಪಟ್ಟಿ ಮಾಡು ಎಂದ. ಮೂರನೆಯ ಕಾಗದ ನನ್ನ ಅಜ್ಜನದು. ಅದೊಂದು ದಾನಪತ್ರ, ರಿಜಿಸ್ಟ್ರಿ ಆದದ್ದು. ಬಾವಿಯ ಕೋಣೆಯನ್ನು, ಅರ್ಧ ಬಾವಿಯನ್ನೂ ನೀರಿನ ಹಕ್ಕನ್ನೂ ಸೇರಿಸಿ, ಮಗಳ ಹೆಸರಿಗೆ ಬರೆದಿದ್ದ. ನಾನು ಅದನ್ನು ಎರಡು ಸಲ ಓದಿದೆ. ಮೂರನೆಯ ಸಲ ಅತ್ತೆಗೆ ಕೇಳುವಂತೆ ಕನ್ನಡದಲ್ಲಿ ಓದಿದೆ.

"ನಮ್ಮಪ್ಪ 'ಈ ಕ್ವಾಣಿ ನಿನಗ' ಅಂದಿದ್ದ," ಎಂದಳು ಅತ್ತೆ. "ಮಲಗಾಕ ಅಂತ ತಿಳಕೊಂಡಿದ್ದೆ."

ನನ್ನ ತಲೆಯಲ್ಲಿ ದೀಪ ಹತ್ತಿದ್ದು ಆಗ. ವಿಶ್ವವಿದ್ಯಾಲಯದ ನಮ್ಮ ತರಗತಿಯಲ್ಲಿ ಹುಡುಗಿಯರು ಇಬ್ಬರೇ ಇದ್ದೆವು, ಪರದೆಯ ಹಿಂದೆ ಕೂರುತ್ತಿದ್ದೆವು. ಶುಫಾ ಎಂಬ ಹಕ್ಕಿನ ಪಾಠದ ದಿನ ಪರದೆ ಅಲುಗಾಡುವಷ್ಟು ನಕ್ಕಿದ್ದೆವು. ಮನೆ ಹೊರಗಿನವರಿಗೆ ಮಾರಾಟವಾದರೆ, ಅದೇ ಬೆಲೆ ಕೊಟ್ಟು ಆ ಮನೆಯನ್ನು ತಾವೇ ಬಿಡಿಸಿಕೊಳ್ಳುವ ಹಕ್ಕು ಪಕ್ಕದವರಿಗೆ ಉಂಟು. ನೀರಿನಲ್ಲೋ ದಾರಿಯಲ್ಲೋ ಪಾಲಿದ್ದವರಿಗೆ ಬರೀ ಪಕ್ಕದವರಿಗಿಂತ ಮೊದಲ ಸ್ಥಾನ. ಅದು ಮುಸಲ್ಮಾನರ ಕಾನೂನಾದರೂ ನಮ್ಮ ಹೈದರಾಬಾದ್ ಸಂಸ್ಥಾನದಲ್ಲಿ ಎಲ್ಲರಿಗೂ ಸಲ್ಲುತ್ತದೆ. ನಾವು ನಕ್ಕದ್ದು ಇದಕ್ಕಲ್ಲ. ಮಾರಾಟ ಮುಗಿಯಿತೆಂಬ ಸುದ್ದಿ ಕಿವಿಗೆ ಬಿದ್ದ ಆ ಕ್ಷಣದಲ್ಲೇ ಬಾಯಿಬಿಟ್ಟು ಹಕ್ಕು ಕೇಳಬೇಕು, ಸ್ವಲ್ಪ ತಡೆದರೂ ಹಕ್ಕು ಹೋಯಿತು. ಕಾನೂನಿನ ಪುಸ್ತಕದಲ್ಲಿ ಅದರ ಹೆಸರೇ ಜಿಗಿದೆದ್ದು ಕೇಳುವ ಬೇಡಿಕೆ. ಆಮೇಲೆ ಎರಡನೆಯ ಸಲ, ಇಬ್ಬರು ಸಾಕ್ಷಿಗಳ ಎದುರು, ಆ ಮನೆಯ ಬಳಿಯೇ ಹೋಗಿ ಕೇಳಬೇಕು.

"ಜಿಗೀಬೇಕಾ?" ಎಂದಳು ಅತ್ತೆ.

"ನಿಜವಾಗಿ ಜಿಗಿಯೋದು ಬ್ಯಾಡ ಅತ್ತಿ. ತಡಾ ಮಾಡಬಾರದು ಅಂತ ಅದರ ಅರ್ಥ."

"ಪುಸ್ತಕದಾಗ ಜಿಗಿ ಅಂದ ಮ್ಯಾಲ ಜಿಗಿಯೋದ. ಆಮ್ಯಾಲ ಕೋರ್ಟಿನ್ಯಾಗ ಜಿಗಿದಿಲ್ಲ ಅಂದ್ರ ಏನ್ ಮಾಡ್ತಿ?"

ಜಿಗಿಯುವುದು ಅವಳಿಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಬಾಯಿಬಿಡುವುದು. ಬಾವಿಯ ಕೋಣೆಯ ಬಾಗಿಲು ಹಾಕಿಕೊಂಡು ಅಭ್ಯಾಸ ಶುರುಮಾಡಿದೆವು. ನಾನು ಕಾಕಾ ಆಗಿ "ಮನಿ ಮಾರಿದೆ" ಎನ್ನುವುದು, ಅವಳು ರಾಟೆಯ ಮುಂದಿನಿಂದ ಎದ್ದು "ಬಾವ್ಯಾಗ ಪಾಲು ಇರೋ ನಾನು ಈ ಮನಿ ಮ್ಯಾಲ ನನ್ನ ಶುಫಾ ಹಕ್ಕು ಕೇಳ್ತೀನಿ" ಎನ್ನುವುದು. ಮೊದಲ ದಿನ ಆ ಮಾತು ಅವಳ ಸೆರಗನ್ನೂ ದಾಟಲಿಲ್ಲ. ಎರಡನೆಯ ದಿನ ಬಾವಿಯವರೆಗೆ ಹೋಯಿತು. ಮೂರನೆಯ ದಿನ ಬಾವಿಯೊಳಗಿನಿಂದ ತಿರುಗಿ ಬಂತು, ಕೇಳ್ತೀನಿ, ಕೇಳ್ತೀನಿ ಎಂದು. ಇಬ್ಬರೂ ಬಾಯಿಗೆ ಸೆರಗು ತುರುಕಿಕೊಂಡು ನೆಲದ ಮೇಲೆ ಕುಳಿತುಬಿಟ್ಟೆವು. ನಾನು ಸುಲಭವಾಗಿ ನಗುವವಳಲ್ಲ. ಆ ಹತ್ತು ದಿನ ನಕ್ಕಷ್ಟು ಹೈದರಾಬಾದಿನ ಎರಡು ವರ್ಷದಲ್ಲಿ ನಕ್ಕಿರಲಿಲ್ಲ.

ಸಾಕ್ಷಿಗೆ ನಮ್ಮ ಇಬ್ಬರು ನೇಕಾರರು ಸಾಕೆಂದುಕೊಂಡೆ. ಅವರು ನಡುಮನೆಯಲ್ಲಿ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದರು, ಬಾವಿಯ ಕೋಣೆ ಅಲ್ಲಿಂದ ನಾಲ್ಕು ಹೆಜ್ಜೆ. ಹಿರಿಯವನಿಗೆ ಗುಟ್ಟಾಗಿ, ಅತ್ತೆ ಒಂದು ದಿನ ಗಟ್ಟಿಯಾಗಿ ಮಾತಾಡುತ್ತಾಳೆ, ಅದನ್ನು ನೆನಪಿಡಬೇಕು ಎಂದೆ.

"ಅಕ್ಕಾರು ಗಟ್ಟಿಯಾಗಿ ಮಾತಾಡ್ತಾರಾ?" ಎಂದ ಅವನು, ಲಾಳಿ ಹಿಡಿದ ಕೈ ನಿಲ್ಲಿಸಿ. "ಅದನ್ನ ಮರೆಯಾಕ ಆಗ್ತೈತೇನ್ರಿ?"

ಅಲ್ಲಿಂದ ಮುಂದೆ ಅತ್ತೆ ಮಗ್ಗದ ಸದ್ದು ಕೇಳುವಷ್ಟು ದೂರದಲ್ಲಷ್ಟೇ ಓಡಾಡುತ್ತಿದ್ದಳು. ನೇಕಾರರು ಊಟಕ್ಕೆ ಹೋದರೆ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದಳು, ಸಾಕ್ಷಿಯಿಲ್ಲದಾಗ ಸುದ್ದಿ ಬಂದೀತೆಂದು. ಅಷ್ಟಾದರೂ ಒಂದು ಬೆಳಿಗ್ಗೆ ಮೊಸರು ಮಾರುವ ಕುರುಬರ ಹೆಂಗಸು ಬುಟ್ಟಿ ಇಳಿಸುತ್ತಲೇ ಹೇಳಿಬಿಟ್ಟಳು.

"ಬೀರಪ್ಪನಾಣಿ ಅವ್ವಾ, ನಿಮ್ಮ ಮಗ್ಗಲ ಮನಿ ಹೋತು. ಗದ್ವಾಲದಾವ್ರು ತಗೊಂಡ್ರು."

ಅತ್ತೆ ಜಿಗಿದಳು. ಪೂರ್ತಿ ಒಂದು ಗೇಣು. ಮಾತನ್ನೂ ಹೇಳಿದಳು, ಮೊಸರಿನ ಗಡಿಗೆಯನ್ನೇ ನೋಡುತ್ತ. ಆ ಹೆಂಗಸು ಗಡಿಗೆಯನ್ನು ಅಪ್ಪಿಕೊಂಡು ಹಿಂದೆ ಸರಿದಳು.

"ಏನಾತವ್ವಾ, ಚೇಳು ಕಡೀತೇನು?"

ನಾನು ವಿಚಾರಿಸಿದೆ. ಆಗಿದ್ದು ಕರಾರು ಮಾತ್ರ, ಮುಂಗಡ ಕೊಟ್ಟು ಕಾಗದ ಬರೆದುಕೊಂಡಿದ್ದರು, ರಿಜಿಸ್ಟ್ರಿ ಇನ್ನೂ ಆಗಿರಲಿಲ್ಲ. ಮಾರಾಟ ಮುಗಿಯುವ ಮೊದಲು ಹಕ್ಕೇ ಹುಟ್ಟುವುದಿಲ್ಲ, ಆ ಜಿಗಿತ ಲೆಕ್ಕಕ್ಕಿಲ್ಲ, ಇನ್ನೊಮ್ಮೆ ಜಿಗಿಯಬೇಕು ಎಂದು ಅತ್ತೆಗೆ ತಿಳಿಸಿದೆ.

"ಕೂಸು ಹುಟ್ಟೋಕಿಂತ ಮೊದಲ ಕುಲಾವಿ ಹೊಲದಂಗಾತು," ಎಂದು ಅತ್ತೆ ಮತ್ತೆ ರಾಟೆಯ ಮುಂದೆ ಕುಳಿತಳು.

ನಾನು ಎಲ್ಲವನ್ನೂ ಲೆಕ್ಕ ಹಾಕಿದ್ದೆ, ನಮ್ಮ ಓಣಿಯ ಒಂದು ಪದ್ಧತಿಯನ್ನು ಬಿಟ್ಟು. ನಮ್ಮಲ್ಲಿ ಮನೆ ಮಾರಿದವರು ಅಕ್ಕಪಕ್ಕದ ಮನೆಗಳಿಗೆ ಬೆಲ್ಲ, ಕೊಬ್ಬರಿ ಹಂಚಿ ಸುದ್ದಿ ಹೇಳುತ್ತಾರೆ. ಅದನ್ನು ತಿಂದರೆ ಒಪ್ಪಿದಂತೆ. ಬೆಲ್ಲ ತಿಂದ ಬಾಯಿ ಇಲ್ಲ ಅನ್ನಬಾರದು ಎಂಬುದು ಓಣಿಯ ಕಾನೂನು. ಅದು ನನ್ನ ಪುಸ್ತಕದಲ್ಲಿರಲಿಲ್ಲವಾದ್ದರಿಂದ ನನಗೂ ನೆನಪಾಗಲಿಲ್ಲ.

ಕಾಕಾ ಮಧ್ಯಾಹ್ನ ಬಂದರು. ಹೆಗಲ ಮೇಲೆ ಇಸ್ತ್ರಿ ಮಾಡಿದ ವಲ್ಲಿ, ಕೈಯಲ್ಲಿ ಬುಟ್ಟಿ. ಪಡಸಾಲೆಯಲ್ಲಿ ಅಪ್ಪ ಸೀರೆ ಕೊಳ್ಳಲು ಬಂದವರೊಡನೆ ಇದ್ದ. ಕಾಕಾ ಸೀದಾ ಒಳಗೆ ಬಂದರು.

"ಕೈ ಒಡ್ಡವ್ವಾ," ಎಂದು ನನಗೊಂದು ಚೂರು ಕೊಟ್ಟರು. ಅತ್ತೆಗೂ ಕೊಟ್ಟರು. ಅತ್ತೆ ಹುಟ್ಟಿದಾಗಿನಿಂದ ಕೈಗೆ ಬಂದ ಬೆಲ್ಲವನ್ನು ಇಟ್ಟುಕೊಂಡು ನೋಡಿದವಳಲ್ಲ. ಸೀದಾ ಬಾಯಿಗೆ ಹಾಕಿದಳು, ಕೊಬ್ಬರಿ ಸಮೇತ.

"ಇವತ್ತ ರಿಜಿಸ್ಟ್ರಿ ಮುಗೀತು," ಎಂದರು ಕಾಕಾ. "ಮನಿ ಗದ್ವಾಲದವರದಾತು."

ಅತ್ತೆಯ ಕಣ್ಣುಗಳು ಅಗಲವಾದವು. ನನ್ನನ್ನು ನೋಡಿದಳು. ನಾನು ಕಾಕಾರ ಬುಟ್ಟಿಯನ್ನು ನೋಡುತ್ತಿದ್ದೆ. ಉಗುಳಿದರೆ ಅಪಶಕುನ, ನುಂಗುತ್ತ ಕೂತರೆ ತಡ, ತಿಂದರೆ ಒಪ್ಪಿಗೆ. ಅವಳು ಮೂರನ್ನೂ ಮಾಡಲಿಲ್ಲ. ಬೆಲ್ಲವನ್ನು ನಾಲಿಗೆಯಿಂದ ಒಂದು ಕೆನ್ನೆಗೆ ತಳ್ಳಿ, ರಾಟೆಯನ್ನು ಒದ್ದು ಜಿಗಿದೆದ್ದು, ಸೆರಗು ಜಾರಿದ್ದನ್ನೂ ಲೆಕ್ಕಿಸದೆ ಹೇಳಿದಳು. ಒಂದು ಅಕ್ಷರ ಬಿಡಲಿಲ್ಲ. ಬಾವಿ ಅದನ್ನು ಎರಡು ಸಲ ಹೇಳಿತು. ಕೊಬ್ಬರಿಯ ಒಂದು ಎಳೆ ಹಾರಿ ಕಾಕಾರ ವಲ್ಲಿಯ ಮೇಲೆ ಕೂತಿತು.

ಪಡಸಾಲೆಯಿಂದ ಅಪ್ಪ ಬಂದು ಬಾಗಿಲಲ್ಲಿ ನಿಂತ. ತನ್ನ ತಂಗಿಯ ಧ್ವನಿ ಅದು ಎಂದು ಅವನಿಗೆ ಗೊತ್ತಾದಂತೆ ಕಾಣಲಿಲ್ಲ.

"ಏನಂತಾಳ್ರಿ ಈಕಿ?" ಎಂದರು ಕಾಕಾ.

"ನನಗೂ ಗೊತ್ತಿಲ್ಲ," ಎಂದ ಅಪ್ಪ.

ನಾನು ದಾನಪತ್ರವನ್ನು ತಂದು ಓದಿದೆ. ಹಕ್ಕು ಏನೆಂದು ವಿವರಿಸಿದೆ. ಕಾಕಾರ ಮುಖ ಬಾಡಿತು, ಮರುಗಳಿಗೆ ಅರಳಿತು.

"ಆದ್ರ ಬೆಲ್ಲ ತಿಂದಾಳಲ್ಲವ್ವಾ! ಇನ್ನೂ ಬಾಯಾಗ ಐತಿ ನೋಡು! ಬೆಲ್ಲ ತಿಂದ ಬಾಯಿ ಇಲ್ಲ ಅನ್ನಬಾರದು."

"ಕಾಕಾ, ಸುದ್ದಿ ಮೊದಲ ಹೇಳಿದ್ರೋ, ಬೆಲ್ಲ ಮೊದಲ ಕೊಟ್ರೋ?"

ಕಾಕಾ ಯೋಚಿಸತೊಡಗಿದರು. ಮಗ್ಗದ ಕುಣಿಯೊಳಗಿನಿಂದ ಹಿರಿಯ ನೇಕಾರ ಹೇಳಿದ: "ಬೆಲ್ಲ ಮೊದಲ್ರಿ. ನಮಗ ಇನ್ನೂ ಬೆಲ್ಲನ ಬಂದಿಲ್ಲ, ಸುದ್ದಿ ಅಷ್ಟ ಬಂತು."

"ಗೊತ್ತಿಲ್ಲದ ಮಾತಿಗೆ ಒಪ್ಪಿದಂಗ ಹ್ಯಾಂಗಾತು ಕಾಕಾ?" ಎಂದೆ.

"ನಿಮ್ಮಪ್ಪನ ಬ್ಯಾಡ ಅಂದಿದ್ದ!"

"ಅಪ್ಪ ತನಗ ಬ್ಯಾಡ ಅಂದ. ಬಾವ್ಯಾಗಿನ ಪಾಲು ಅಪ್ಪನದಲ್ಲ. ಅದೂ ಅಲ್ಲದ, ಮಾರಾಟಕ್ಕ ಮೊದಲ ಯಾರು ಬ್ಯಾಡ ಅಂದ್ರೂ ಈ ಹಕ್ಕು ಹೋಗೂದಿಲ್ಲ."

ಅಪ್ಪ ಬಹಳ ಹೊತ್ತು ಆ ಕಾಗದವನ್ನು ಹಿಡಿದುಕೊಂಡಿದ್ದ, ಓದಲು ಬಾರದಿದ್ದರೂ. ಆಮೇಲೆ ತಂಗಿಯ ಕಡೆ ತಿರುಗಿದ. "ನಿನಗ ಮನಿ ಬೇಕಾಗಿತ್ತಾ? ನನಗೊಂದು ಮಾತು ಹೇಳಬಾರದೇನವ್ವಾ?"

ಅತ್ತೆ ಬೆಲ್ಲ ನುಂಗಿದಳು. "ನೀ ಎಂದು ಕೇಳಿದ್ದಿ ಅಣ್ಣಾ?"

ಹಿರಿಯ ನೇಕಾರ ಕುಣಿಯಿಂದ ಮೇಲೆ ಬಂದು ಕಾಲು ಕೊಡವಿಕೊಂಡ, ಕಿರಿಯವನೂ ಬಂದ. ಎಲ್ಲರೂ ಸೇರಿ ಬೀದಿ ಸುತ್ತಿ ಕಾಕಾರ ಮನೆಗೆ ನಡೆದೆವು. ಅತ್ತೆ ಆ ಕಡೆಯ ಬಾವಿಕಟ್ಟೆಯ ಮೇಲೆ ಕೈಯಿಟ್ಟು, ಇಬ್ಬರು ಸಾಕ್ಷಿಗಳ ಎದುರು ಎರಡನೆಯ ಸಲ ಹೇಳಿದಳು. ಮತ್ತೊಮ್ಮೆ ಜಿಗಿಯಲು ಹೊರಟಿದ್ದಳು, ನಾನು ತೋಳು ಹಿಡಿದುಕೊಂಡೆ.

ಅಷ್ಟೂ ನಗುವಿನ ನಡುವೆ ನಾನು ಅತ್ತೆಗೆ ಹೇಳದೆ ಮುಚ್ಚಿಟ್ಟ ಮಾತೊಂದಿತ್ತು. ಕೊಂಡವನು ಒಪ್ಪದಿದ್ದರೆ ದಾವೆ ಹೂಡಬೇಕು, ದಾವೆ ಎಷ್ಟು ವರ್ಷ ನಡೆದೀತೆಂದು ಯಾವ ಪುಸ್ತಕವೂ ಹೇಳುವುದಿಲ್ಲ. ಗದ್ವಾಲದವರಿಗೆ ಹೇಳಿಕಳಿಸಿದ ಮೇಲೆ ಮೂರು ದಿನ ನನಗೆ ಅನ್ನ ಸೇರಲಿಲ್ಲ. ಅತ್ತೆ ಮಾತ್ರ ಪಕ್ಕದ ಮನೆಯ ಒಲೆ ಯಾವ ದಿಕ್ಕಿಗಿರಬೇಕೆಂದು ಮೊಸರಿನವಳ ಜೊತೆ ಚರ್ಚೆ ನಡೆಸಿದ್ದಳು.

ನಾಲ್ಕನೆಯ ದಿನ ಗದ್ವಾಲದ ವ್ಯಾಪಾರಿ ತಾವೇ ಬಂದರು. ಜೂರಾಲದ ಹತ್ತಿರ ಹರಿಗೋಲಿನಲ್ಲಿ ಹೊಳೆ ದಾಟಿ, ಮಕ್ತಲಿನ ಮೇಲೆ ಬಂಡಿಯಲ್ಲಿ ಬಂದಿದ್ದರು, ಧೋತರದ ಅಂಚು ಇನ್ನೂ ಒದ್ದೆ. ದಪ್ಪ ಮನುಷ್ಯ, ಕನ್ನಡಕ. ದಾನಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಓದಿದರು, ನನಗಿಂತ ಸರಾಗವಾಗಿ. ನನ್ನ ಧೈರ್ಯ ಅರ್ಧ ಅಲ್ಲೇ ಇಳಿಯಿತು.

"ನಮ್ಮ ವಕೀಲರು ಲಡಾಯಿ ಮಾಡೋಣ ಅಂತಾರ," ಎಂದರು. ಕನ್ನಡಕದ ಮೇಲಿನಿಂದ ಬಾಗಿಲ ಮರೆಯಲ್ಲಿದ್ದ ಅತ್ತೆಯ ಕಡೆ ನೋಡಿ ಅರ್ಧ ತೆಲುಗಿನಲ್ಲಿ ಕೇಳಿದರು. "ಅಮ್ಮಾ, ಒಂದು ಮಾತು ಅಡಗತಾನು, ಕೋಪ ಮಾಡ್ಕೋಬ್ಯಾಡ್ರಿ. ನಿಜಂಗಾ ಜಿಗಿದ್ರಾ?"

"ಎರಡು ಸಲ," ಎಂದಳು ಅತ್ತೆ ಬಾಗಿಲ ಮರೆಯಿಂದ. ಆಮೇಲೆ ಹೊರಗೆ ಬಂದಳು. "ಮೊದಲನೇದು ಲೆಕ್ಕಕ್ಕಿಲ್ಲಂತ ಇಕಿ ಅಂದ್ಲು."

ಅವರ ಹೊಟ್ಟೆ ಮೊದಲು ನಕ್ಕಿತು, ಮುಖ ಆಮೇಲೆ. ಮೂವತ್ತು ವರ್ಷದಿಂದ ಮನೆ ಕೊಳ್ಳುತ್ತ ಮಾರುತ್ತ ಬಂದಿದ್ದೇನೆ, ಜಿಗಿದೆವೆಂದು ಕಾಗದದಲ್ಲಿ ಬರೆಸಿದವರನ್ನು ನೋಡಿದ್ದೇನೆ, ಜಿಗಿದವರನ್ನು ನೋಡಿಲ್ಲ ಎಂದರು. ಕಣ್ಣೊರೆಸಿಕೊಂಡು ವ್ಯವಹಾರಕ್ಕೆ ಬಂದರು. ತಾವು ಕೊಟ್ಟ ಬೆಲೆ, ರಿಜಿಸ್ಟ್ರಿಯ ಖರ್ಚು ಬಂದರೆ ಸಾಕು. ಆದರೆ ಶೇಂಗಾ ಚೀಲಗಳು ಆಗಲೇ ಬಂಡಿ ಏರಿವೆ, ಮಳೆಗಾಲದ ತನಕ ಮುಂದಿನ ಪಡಸಾಲೆಯಲ್ಲಿ ಇಡಲು ಬಿಡಬೇಕು.

ಅಪ್ಪ ಉತ್ತರ ಹೇಳಲು ಬಾಯಿ ತೆರೆದು, ಮುಚ್ಚಿ, ಅತ್ತೆಯನ್ನು ನೋಡಿದ.

"ಇಡ್ರಿ," ಎಂದಳು ಅತ್ತೆ. "ಇಲಿ ಬಂದ್ರ ನಿಮ್ಮದು."

ಅತ್ತೆಯ ಬಂಗಾರ ಮಾರಿದ ಹಣ ಹಿಡಿದು ರಿಜಿಸ್ಟ್ರಿ ಕಚೇರಿಗೆ ಹೋಗುವ ದಿನ ಬಂಡಿ ಹತ್ತುವಾಗ ಅಪ್ಪ ಮೆಲ್ಲಗೆ ಹೇಳಿದ, ಕಾಗದ ತನ್ನ ಹೆಸರಿನಲ್ಲೇ ಇರಲಿ, ಮುಂದೆ ಕಚೇರಿಯ ಓಡಾಟ ಅವಳಿಗೆ ತ್ರಾಸು ಎಂದು. ಪ್ರೀತಿಯಿಂದಲೇ ಹೇಳಿದ. ಉತ್ತರ ನನಗೆ ಗೊತ್ತಿತ್ತು, ಆದರೆ ಅದು ನನ್ನ ಮಾತಲ್ಲವೆಂದು ಸುಮ್ಮನಿದ್ದೆ.

"ಬ್ಯಾಡ ಅಣ್ಣಾ," ಎಂದಳು ಅತ್ತೆ, ನನ್ನ ಪಕ್ಕ ಕುಳಿತು ಸೆರಗು ಸರಿಮಾಡಿಕೊಳ್ಳುತ್ತ. "ಕಾಗದ ಓದಾಕ ಇಕಿ ಅದಾಳ. ಓಡಾಡಾಕ ನನಗ ಕಾಲು ಅದಾವ."

ಒಲೆ ಹೂಡಿದ ದಿನ ಸಂಜೆ ನಾನೂ ಅವಳೂ ಹೊಸ ಮನೆಯಲ್ಲಿ ಶೇಂಗಾ ಚೀಲಗಳ ನಡುವೆ ಕುಳಿತು ರೊಟ್ಟಿ ತಿನ್ನುತ್ತಿದ್ದೆವು. ಹೊರಬಾಗಿಲು ಬಡಿದ ಸದ್ದಾಯಿತು. ಅತ್ತೆ ಕೈಸನ್ನೆಯಿಂದ ನನ್ನನ್ನು ಕೂರಿಸಿದಳು.

"ಯಾರ್ರೀ ಅದು?"

"ನಾನವ್ವಾ. ನಿಮ್ಮಣ್ಣ."

ಅವಳು ಎದ್ದಳು, ಆದರೆ ಬಾಗಿಲ ಹತ್ತಿರ ಹೋಗಿ ಅಗಳಿಯ ಮೇಲೆ ಕೈಯಿಟ್ಟು ಸುಮ್ಮನೆ ನಿಂತಳು. ಆಚೆ ಅಪ್ಪ ಕೆಮ್ಮಿದ. ಅವಳ ಭುಜ ಕುಲುಕುತ್ತಿತ್ತು. ನನಗೂ ನಗು ಉಕ್ಕಿ ರೊಟ್ಟಿ ಗಂಟಲಲ್ಲಿ ನಿಂತಿತು. ಅಪ್ಪ ಇನ್ನೊಮ್ಮೆ ಕೆಮ್ಮಿ, ಒಳಗೆ ಬರಬಹುದೇ ಎಂದು ಕೇಳಿದ.

ಅವಳು ಅಗಳಿ ತೆಗೆದಳು. "ಬಾ ಅಣ್ಣಾ. ಚಪ್ಪಲಿ ಹೊರಗ ಬಿಡು, ಈಗ ಸಾರಿಸೀನಿ."